ನೆರೆಯ ಶಾಲೆ: ಒಂದು ಸಂವಾದ

(ಬಹುಕಾಲ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದು ನಿವೃತ್ತರಾದ ಹಿರಿಯರೊಬ್ಬರಿಗೂ, ತಾಲ್ಲೂಕಿನ ಶಾಲೆಗಳನ್ನು ಸುತ್ತುತ್ತ ವಿಶೇಷ ಅಗತ್ಯವುಳ್ಳ ಮಕ್ಕಳ ಕಲಿಕೆಗೆ ನೆರವಾಗುವ ಸಂಪನ್ಮೂಲ ಶಿಕ್ಷಕಿಯೊಬ್ಬರಿಗೂ ನಡೆದ ಮಾತು.)

ಹಿರಿಯರು: ನಿಮ್ಮ ಕೆಲಸದ ಮಹತ್ತ್ವವನ್ನು ನಾನು ಅಲ್ಲಗಳೆಯುವವನಲ್ಲ, ಆದರೂ ಮನಸ್ಸಿನಲ್ಲಿ ಬಹುದಿನದಿಂದ ಕುಳಿತಿರುವ ಒಂದು ಸಂದೇಹವನ್ನು ಮುಚ್ಚಿಡದೆ ಹೇಳಿಬಿಡುತ್ತೇನೆ. ಕಣ್ಣು ಕಾಣದ ಮಗುವಿಗೆ, ಕಿವಿ ಕೇಳದ ಮಗುವಿಗೆ, ಬುದ್ಧಿಯ ಬೆಳವಣಿಗೆ ಮಂದವಾಗಿರುವ ಮಗುವಿಗೆ ಬೇರೆ ಬೇರೆ ಶಾಲೆಗಳನ್ನು ಏರ್ಪಡಿಸಿ, ಆಯಾ ವಿದ್ಯೆಯಲ್ಲಿ ನುರಿತವರನ್ನು ಅಲ್ಲಿ ನೇಮಿಸಿ, ಶ್ರದ್ಧೆಯಿಂದ ಕಲಿಸುವ ಪದ್ಧತಿ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನೇ ನೋಡಿ. ತಾವೇ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಅಂಧ ಬಾಲಕರನ್ನು ಕೂಡಿಸಿಕೊಂಡು, ಅನ್ನವಿಟ್ಟು ಸಾಕಿ, ಸಂಗೀತವಿದ್ಯೆಯನ್ನು ಧಾರೆಯೆರೆದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ, ಅವರಂತೆಯೇ ಅಂಧರಾಗಿದ್ದ ಪುಟ್ಟರಾಜ ಗವಾಯಿಗಳು 2010ರಲ್ಲಿ ತಾವು ದೇಹ ಬಿಡುವವರೆಗೂ ಆ ಹೊಣೆಯನ್ನು ಹೊತ್ತರು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಶಿಶುಶಾಲೆಯಲ್ಲಿ ಕಿವಿ ಕೇಳದ ಎಳೆಯ ಮಕ್ಕಳೊಡನೆ ಅವರ ತಾಯಂದಿರೂ ಕುಳಿತು ಕಲಿಸುವ ಕ್ರಮವನ್ನು ಕಲಿಯುತ್ತಾರೆ. ಇಂತಹ ಸ್ಥಳಗಳಿರುವಾಗ, ಒಬ್ಬನೇ ಉಪಾಧ್ಯಾಯ ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಏಗುತ್ತಿರುವ ಹಳ್ಳಿಯ ಶಾಲೆಗೆ ಈ ಮಕ್ಕಳನ್ನು ಸೇರಿಸುವುದು ಮಗುವಿಗೂ ಅನ್ಯಾಯ, ಉಪಾಧ್ಯಾಯನಿಗೂ ಅನ್ಯಾಯ ಎಂದು ನನಗೆ ತೋರುತ್ತದೆ.

ಶಿಕ್ಷಕಿ: ಆ ಮಹನೀಯರ ವಿಷಯದಲ್ಲಿ ನನಗೂ ನಿಮ್ಮಷ್ಟೇ ಗೌರವವುಂಟು. ಆದರೆ ತಾವು ಒಂದು ಮಾತನ್ನು ಯೋಚಿಸಬೇಕು. ಗದಗಿಗೆ ಹೋಗಿ ಸೇರಿದ ಮಗುವಿನ ಹೆಸರು ನಮಗೆ ಕೇಳಿಬರುತ್ತದೆ. ಎಲ್ಲಿಗೂ ಹೋಗದೆ, ಆರು ವರ್ಷ ತುಂಬಿದ ಮೇಲೂ ಅಡುಗೆಮನೆಯ ಮೂಲೆಯಲ್ಲಿ ಚಾಪೆಯ ಮೇಲೆ ಕುಳಿತಿರುವ ಮಗುವಿನ ಹೆಸರು ಯಾವ ಚರಿತ್ರೆಯಲ್ಲಿಯೂ ಬರುವುದಿಲ್ಲ. ಆರು ವರ್ಷದ ಮಗುವನ್ನು ತಾಯಿಯಿಂದ ಅಗಲಿಸಿ ಜಿಲ್ಲೆಯಾಚೆ ಇರಿಸಲು ಎಲ್ಲ ತಂದೆತಾಯಿಗಳೂ ಒಪ್ಪುವುದಿಲ್ಲ. ಒಪ್ಪದಿರುವುದು ತಪ್ಪೆಂದು ನಾನು ಹೇಳಲಾರೆ. ಮೇಲಾಗಿ ಈ ಆಯ್ಕೆ ನಿಮ್ಮದೂ ಅಲ್ಲ, ನನ್ನದೂ ಅಲ್ಲ. ವಿಕಲಚೇತನರ ಹಕ್ಕುಗಳ 2016ರ ಅಧಿನಿಯಮವು ಆರರಿಂದ ಹದಿನೆಂಟು ವರ್ಷದವರೆಗಿನ, ಅಂಗವೈಕಲ್ಯದ ಪ್ರಮಾಣ ಶೇಕಡಾ 40ಕ್ಕೆ ಕಡಮೆಯಿಲ್ಲದ ಮಗುವಿಗೆ ನೆರೆಯ ಶಾಲೆಯಲ್ಲಾಗಲಿ, ವಿಶೇಷ ಶಾಲೆಯಲ್ಲಾಗಲಿ, ತನಗೆ ಬೇಕಾದಲ್ಲಿ ಶುಲ್ಕವಿಲ್ಲದೆ ಕಲಿಯುವ ಹಕ್ಕನ್ನು ಕೊಟ್ಟಿದೆ. ಮುಖ್ಯೋಪಾಧ್ಯಾಯರು ಬಾಗಿಲಲ್ಲಿ ನಿಂತು, ‘ಈ ಮಗುವಿಗೆ ಇಲ್ಲಿ ಸರಿಹೋಗುವುದಿಲ್ಲ, ಬೇರೆ ಕಡೆ ನೋಡಿ’ ಎನ್ನುವ ಕಾಲ ಶಾಸನದ ದೃಷ್ಟಿಯಲ್ಲಿ ಮುಗಿದುಹೋಗಿದೆ.

ಹಿರಿಯರು: ಶಾಸನದ ದೃಷ್ಟಿಯಲ್ಲಿ! ಆ ಮಾತನ್ನು ತಾವೇ ಸೇರಿಸಿದಿರಿ. ಬಾಗಿಲು ತೆರೆದದ್ದಾಯಿತು, ಹೆಸರು ಬರೆದದ್ದಾಯಿತು. ಅನಂತರ? ನಾನು ಕಂಡ ಮಟ್ಟಿಗೆ ಅಂತಹ ಮಗು ಕಡೆಯ ಸಾಲಿನಲ್ಲಿ ಗೋಡೆಗೊರಗಿ ಕುಳಿತಿರುತ್ತದೆ. ಬಿಸಿಯೂಟದ ಗಂಟೆ ಹೊಡೆದಾಗ ಏಳುತ್ತದೆ. ವರ್ಷದ ಕೊನೆಯಲ್ಲಿ ಎಲ್ಲರೊಡನೆ ಮೇಲಿನ ತರಗತಿಗೆ ಹೋಗುತ್ತದೆ. ಹಾಜರಿ ಪುಸ್ತಕಕ್ಕೆ ಅದರಿಂದ ತೃಪ್ತಿಯಾಗಬಹುದು; ಮಗುವಿಗೆ ಏನಾಯಿತು?

ಶಿಕ್ಷಕಿ: ಇದನ್ನು ನಾನು ಒಪ್ಪುತ್ತೇನೆ; ಒಪ್ಪುವುದು ಮಾತ್ರವಲ್ಲ, ನನ್ನ ದೂರು ಕೂಡ ಇದೇ. ಹೆಸರು ಬರೆದುಕೊಂಡದ್ದನ್ನೇ ಶಿಕ್ಷಣವೆಂದು ತಿಳಿಯುವುದು ಮೊದಲನೆಯ ಭ್ರಮೆ. ಮಗುವಿನ ವಿಷಯದಲ್ಲಿ ಕನಿಕರ ಪಡುವುದನ್ನೇ ನೆರವೆಂದು ತಿಳಿಯುವುದು ಎರಡನೆಯದು. ನನ್ನ ಪರೀಕ್ಷೆ ಬೇರೆ. ಶಾಲೆಗೆ ಹೋದಾಗ ಉಪಾಧ್ಯಾಯರನ್ನು ನಾನು ಮೊದಲು ಕೇಳುವುದು, ‘ಈ ಮಗುವಿಗೋಸ್ಕರ ನಿಮ್ಮ ಪಾಠದಲ್ಲಿ ಏನನ್ನು ಬದಲಾಯಿಸಿದಿರಿ?’ ಎಂದು. ಬದಲಾವಣೆ ಬಹಳ ಸಣ್ಣದಿರಬಹುದು. ಆದರೆ ಏನೂ ಬದಲಾಗದಿದ್ದಲ್ಲಿ ಮಗು ಶಾಲೆಗೆ ಸೇರಿದೆಯೆಂದು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಹಿರಿಯರು: ಒಂದು ಉದಾಹರಣೆಯನ್ನು ಕೊಡಿ. ತತ್ತ್ವವನ್ನು ತರಬೇತಿ ಶಿಬಿರಗಳಲ್ಲಿ ಬೇಕಾದಷ್ಟು ಕೇಳಿದ್ದೇನೆ.

ಶಿಕ್ಷಕಿ: ಕೊಡುತ್ತೇನೆ, ಕಣ್ಣಿಗೆ ಕಾಣುವ ಊನದಿಂದಲ್ಲ, ಕಾಣದ ಊನದಿಂದಲೇ ಆರಂಭಿಸುತ್ತೇನೆ. ನಾಲ್ಕನೆಯ ತರಗತಿಯಲ್ಲಿ ಒಬ್ಬ ಹುಡುಗ. ಅವನ ತಂದೆಗೆ ಸಣ್ಣ ದಿನಸಿ ಅಂಗಡಿ. ಸಂಜೆ ಗಿರಾಕಿ ನೂರರ ನೋಟು ಕೊಟ್ಟು ಅರವತ್ತೇಳು ರೂಪಾಯಿಯ ಸಾಮಾನು ಕೊಂಡರೆ, ಚಿಲ್ಲರೆ ಎಷ್ಟೆಂಬುದನ್ನು ಅಪ್ಪ ಲೆಕ್ಕ ಹಾಕುವುದರೊಳಗೆ ಇವನು ಹೇಳಿರುತ್ತಾನೆ. ಅದೇ ಲೆಕ್ಕವನ್ನು ಶಾಲೆಯ ಪ್ರಶ್ನೆಪತ್ರಿಕೆಯಲ್ಲಿ ವಾಕ್ಯರೂಪದಲ್ಲಿ ಕೊಟ್ಟಾಗ ಹಾಳೆಯನ್ನು ಖಾಲಿ ಬಿಟ್ಟು ಬರುತ್ತಾನೆ. ‘ಸೋಮಾರಿ’ ಎಂದು ಒಬ್ಬರು, ‘ದಡ್ಡ’ ಎಂದು ಇನ್ನೊಬ್ಬರು. ನಾನು ಅವನ ಉಕ್ತಲೇಖನದ ಪುಸ್ತಕವನ್ನು ತೆಗೆದು ನೋಡಿದೆ. ‘ಅಕ್ಕ’ ಎಂಬಲ್ಲಿ ‘ಅಕ’ ಎಂದಿದೆ. ‘ಹಣ್ಣು’ ಎಂಬಲ್ಲಿ ‘ಹಣು’. ‘ಕಾಗೆ’ ಎಂಬಲ್ಲಿ ‘ಕಗೆ’. ಒತ್ತಕ್ಷರ ಹೋಗಿದೆ, ದೀರ್ಘ ಹೋಗಿದೆ. ‘ಮ’ ಇರಬೇಕಾದಲ್ಲಿ ‘ವ’ ಬಂದಿದೆ, ‘ಷ’ ಇರಬೇಕಾದಲ್ಲಿ ‘ಪ’ ಬಂದಿದೆ. ತಪ್ಪುಗಳು ಕೆಂಪು ಶಾಯಿಯಲ್ಲಿ ಮುಳುಗಿಹೋಗಿದ್ದುವೇ ಹೊರತು, ಅವೆಲ್ಲ ಒಂದೇ ಜಾತಿಯ ತಪ್ಪುಗಳೆಂಬುದನ್ನು ಯಾರೂ ಗಮನಿಸಿರಲಿಲ್ಲ.

ಹಿರಿಯರು: ನಮ್ಮ ಕಾಲದಲ್ಲಿ ಅಂಥವರಿಗೆ ನೂರು ಸಲ ತಿದ್ದಿ ಬರೆಯಿಸುತ್ತಿದ್ದೆವು.

ಶಿಕ್ಷಕಿ: ಈಗಲೂ ಬರೆಯಿಸುತ್ತಾರೆ; ಒಂದು ತಪ್ಪು ನೂರು ತಪ್ಪಾಗುತ್ತದೆ. ನಮ್ಮ ಲಿಪಿಯ ಸ್ವಭಾವವನ್ನು ಸ್ವಲ್ಪ ನೋಡಿ. ವರ್ಣಮಾಲೆಯಲ್ಲಿ ನಲವತ್ತೊಂಬತ್ತು ಅಕ್ಷರಗಳೆಂದು ಹೇಳಿ ಮುಗಿಸಿಬಿಡುತ್ತೇವೆ. ಆದರೆ ಮೂವತ್ತನಾಲ್ಕು ವ್ಯಂಜನಗಳಿಗೆ ಕಾಗುಣಿತದ ಚಿಹ್ನೆಗಳು ಕೂಡಿ, ಅದರ ಮೇಲೆ ಒತ್ತಕ್ಷರಗಳು ಕೂಡಿ, ಮಗುವಿನ ಕಣ್ಣ ಮುಂದೆ ನಿಲ್ಲುವ ರೂಪಗಳು ನೂರಾರು. ಬೆಂಗಳೂರಿನಲ್ಲಿ ಈ ವಿಷಯವನ್ನು ಅಭ್ಯಸಿಸಿದ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಯಾವ ತೊಡಕೂ ಇಲ್ಲದ ಕನ್ನಡದ ಮಕ್ಕಳಿಗೂ ಈ ಅಕ್ಷರರೂಪಗಳು ಪೂರ್ತಿಯಾಗಿ ಕೈವಶವಾಗಲು ಒಂದೆರಡು ವರ್ಷ ಸಾಲದು, ಅದು ಮೇಲಿನ ತರಗತಿಗಳವರೆಗೂ ನಡೆಯುವ ಕೆಲಸ ಎಂಬುದನ್ನು ತೋರಿಸಿದ್ದಾರೆ. ಹಾಗಿರುವಾಗ ಅಕ್ಷರವನ್ನೂ ಧ್ವನಿಯನ್ನೂ ಹೊಂದಿಸುವುದರಲ್ಲಿಯೇ ಹುಟ್ಟಿನಿಂದ ತೊಡಕಿರುವ ಮಗುವಿನ ಗತಿಯೇನು? ಅರ್ಕಾವತ್ತನ್ನು ತೆಗೆದುಕೊಳ್ಳಿ. ‘ಸೂರ್ಯ’ ಎಂದು ಬರೆಯುವಾಗ ಯಕಾರವನ್ನು ಮೊದಲು ಬರೆದು ರಕಾರದ ಚಿಹ್ನೆಯನ್ನು ಅದರ ಬಲಕ್ಕೆ ಹಚ್ಚುತ್ತೇವೆ. ಓದುವಾಗ ಮಾತ್ರ ರಕಾರ ಮೊದಲು, ಯಕಾರ ಆಮೇಲೆ. ಕಣ್ಣು ಎಡದಿಂದ ಬಲಕ್ಕೆ ನಡೆಯಬೇಕೆಂದು ಕಲಿಸಿದವರೇ ಇಲ್ಲಿ ಹಿಂದಕ್ಕೆ ತಿರುಗೆಂದು ಹೇಳಿದಂತಾಯಿತು. ನೀವೂ ನಾನೂ ಇದನ್ನು ಅರಿಯದೆಯೇ ದಾಟಿ ಬಂದೆವು. ಆ ಹುಡುಗ ಅಲ್ಲಿಯೇ ನಿಂತ.

ಹಿರಿಯರು: ಇದು ನನಗೆ ಹೊಳೆದಿರಲಿಲ್ಲ. ಅದಕ್ಕೆ ಏನು ಮಾಡಿದಿರಿ?

ಶಿಕ್ಷಕಿ: ರಕಾರವನ್ನು ಪೂರ್ಣಾಕ್ಷರವಾಗಿ ಮೊದಲು ಬರೆದು ಅದರ ಕೆಳಗೆ ಯಕಾರದ ಒತ್ತನ್ನು ಕೊಡುವ ರೂಪವೊಂದು ಕನ್ನಡದಲ್ಲಿ ಮೊದಲಿನಿಂದಲೂ ಉಂಟಷ್ಟೆ; ಕೆಲವು ತಿಂಗಳು ಅದರಲ್ಲಿಯೇ ಬರೆಯಲು ಬಿಟ್ಟೆವು. ಒತ್ತಕ್ಷರವಿರುವ ಪದಗಳನ್ನು ಚಪ್ಪಾಳೆ ತಟ್ಟಿ ಒಡೆದು ಹೇಳಿಸಿದೆವು: ‘ಅಕ್’ ಎಂಬಲ್ಲಿ ಒಂದು ತಟ್ಟು, ‘ಕ’ ಎಂಬಲ್ಲಿ ಒಂದು ತಟ್ಟು. ಒತ್ತನ್ನು ಬೇರೆ ಬಣ್ಣದಲ್ಲಿ ಬರೆದ ಪದಪಟ್ಟಿಗಳನ್ನು ಮಾಡಿದೆವು. ಒಂದು ವಾರಕ್ಕೆ ಒಂದೇ ಜೋಡಿ; ‘ವ’ ಮತ್ತು ‘ಮ’ ಒಂದು ವಾರ, ‘ಪ’ ಮತ್ತು ‘ಷ’ ಬೇರೆ ವಾರ. ಇನ್ನು ಗಣಿತದ ಪ್ರಶ್ನೆಯನ್ನು ಉಪಾಧ್ಯಾಯರೇ ಓದಿ ಹೇಳುವುದು, ಉತ್ತರವನ್ನು ಬಾಯಲ್ಲಿ ಹೇಳಿದರೂ ಅಂಕ ಕೊಡುವುದು. ಈ ಕೊನೆಯದಕ್ಕೆ ಒಂದು ಕಾಸಿನ ಖರ್ಚಿಲ್ಲ. ಆದರೆ ಎಲ್ಲಕ್ಕಿಂತ ಹೆಚ್ಚಾಗಿ ವಿರೋಧ ಬಂದದ್ದು ಇದಕ್ಕೇ. ‘ಉಳಿದ ಮಕ್ಕಳಿಗೆ ಅನ್ಯಾಯವಲ್ಲವೆ?’ ಎಂದರು. ಗಣಿತದ ಪರೀಕ್ಷೆಯಲ್ಲಿ ಗಣಿತವನ್ನು ಪರೀಕ್ಷಿಸಬೇಕೋ ಓದುವುದನ್ನು ಪರೀಕ್ಷಿಸಬೇಕೋ ಎಂದು ನಾನು ಕೇಳಿದೆ.

ಹಿರಿಯರು: ಇಂತಹ ಮಗುವಿಗೆ ಪ್ರಮಾಣಪತ್ರ ಸಿಗುತ್ತದೆಯೆ? ಕಾಲು ಕುಂಟಾದವನಿಗೆ ವೈದ್ಯರು ನೋಡಿ ಕೊಡುತ್ತಾರೆ; ಓದಲಾರದವನಿಗೆ?

ಶಿಕ್ಷಕಿ: 1995ರ ಹಳೆಯ ಅಧಿನಿಯಮದಲ್ಲಿ ಏಳೇ ವಿಧದ ವೈಕಲ್ಯಗಳಿದ್ದುವು, ಇದು ಅದರಲ್ಲಿ ಇರಲಿಲ್ಲ. 2016ರದರಲ್ಲಿ ಇಪ್ಪತ್ತೊಂದು, ನಿರ್ದಿಷ್ಟ ಕಲಿಕಾ ನ್ಯೂನತೆಯೂ ಆಟಿಸಂ ಕೂಡ ಅದರೊಳಗೆ ಬಂದುವು. 2018ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಮೂರನೆಯ ತರಗತಿ ಅಥವಾ ಎಂಟು ವರ್ಷ, ಯಾವುದು ಮೊದಲೋ ಆಗ ಶಾಲೆಯ ಉಪಾಧ್ಯಾಯರೇ ಮೊದಲ ಶೋಧನೆಯನ್ನು ಮಾಡತಕ್ಕದ್ದು. ಅನಂತರ ವೈದ್ಯರೂ ಮನಶ್ಶಾಸ್ತ್ರಜ್ಞರೂ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ರೂಪಿಸಿದ ಪರೀಕ್ಷಾಮಾಲೆಯಿಂದ ನಿರ್ಣಯಿಸತಕ್ಕದ್ದು. ಆದರೆ ಪತ್ರ ಬರುವವರೆಗೆ ಕಾಯುವ ಅಭ್ಯಾಸವೊಂದು ನಮ್ಮಲ್ಲಿ ಬೇರೂರಿದೆ. ಜಿಲ್ಲಾ ಆಸ್ಪತ್ರೆಗೆ ಹೋಗಬೇಕು, ಕೂಲಿ ಬಿಡಬೇಕು, ಆ ದಿನ ತಜ್ಞರಿಲ್ಲದಿದ್ದರೆ ಮತ್ತೊಮ್ಮೆ ಹೋಗಬೇಕು. ಅಷ್ಟರಲ್ಲಿ ಮಗು ಐದನೆಯ ತರಗತಿಗೆ ಬಂದಿರುತ್ತದೆ. ಸವಲತ್ತಿಗೆ ಪತ್ರ ಬೇಕು, ನಿಜ. ಪ್ರಶ್ನೆಯನ್ನು ಓದಿ ಹೇಳುವುದಕ್ಕೆ ಯಾವ ಪತ್ರವೂ ಬೇಡ.

ಹಿರಿಯರು: ಈ ಹುಡುಗನ ಮಾತು ನನಗೆ ಒಪ್ಪಿತವಾಯಿತು, ಏಕೆಂದರೆ ಅವನು ಮೂಲತಃ ಎಲ್ಲ ಮಕ್ಕಳಂತೆಯೇ ಇದ್ದಾನೆ. ಕಷ್ಟ ಬರುವುದು ಇಂದ್ರಿಯವೇ ಕೈಕೊಟ್ಟಲ್ಲಿ. ನನ್ನ ಶಾಲೆಯಲ್ಲಿ ಒಬ್ಬಳು ಹುಡುಗಿಯಿದ್ದಳು, ಎರಡು ಕಿವಿಗೂ ಯಂತ್ರ, ಶಿಬಿರದಲ್ಲಿ ಕೊಟ್ಟದ್ದು. ಮೊದಲ ವರ್ಷ ಹಾಕಿಕೊಂಡು ಬಂದಳು. ಆಮೇಲೆ ಅದು ಪೆಟ್ಟಿಗೆ ಸೇರಿತು. ತಾಯಿಯನ್ನು ಕರೆಸಿ ಗದರಿಸಿದೆ. ‘ಹಾಕಿಕೊಳ್ಳಲೊಲ್ಲಳು ಸ್ವಾಮಿ’ ಎಂದಳು. ಕೊಟ್ಟದ್ದನ್ನು ಉಪಯೋಗಿಸದಿದ್ದರೆ ಸರ್ಕಾರ ತಾನೇ ಏನು ಮಾಡೀತು?

ಶಿಕ್ಷಕಿ: ಆ ಯಂತ್ರ ಸಿಳ್ಳು ಹಾಕುತ್ತಿತ್ತೆ?

ಹಿರಿಯರು: ಹೌದು, ಒಂದೇ ಸಮನೆ ಕೀರಲು ಸದ್ದು. ಪಕ್ಕದ ಮಕ್ಕಳು ನಗುತ್ತಿದ್ದರು. ನಿಮಗೆ ಹೇಗೆ ತಿಳಿಯಿತು?

ಶಿಕ್ಷಕಿ: ಕಿವಿಯೊಳಗೆ ಕೂರುವ ಅಚ್ಚೊಂದಿರುತ್ತದೆಯಲ್ಲ, ಅದನ್ನು ಮಗುವಿನ ಕಿವಿಯ ಅಳತೆ ತೆಗೆದು ಮಾಡಿರುತ್ತಾರೆ. ಮಗು ಬೆಳೆದಂತೆ ಕಿವಿಯೂ ಬೆಳೆಯುತ್ತದೆ, ಅಚ್ಚು ಬೆಳೆಯುವುದಿಲ್ಲ. ಸಡಿಲವಾದ ಸಂದಿನಿಂದ ಶಬ್ದ ಹೊರಗೆ ಸೋರಿ ಮತ್ತೆ ಯಂತ್ರದ ಬಾಯಿಗೇ ಹೋಗಿ ಸಿಳ್ಳಾಗುತ್ತದೆ. ಹುಡುಗಿಗೆ ಬೇಕಾಗಿದ್ದದ್ದು ಹೊಸ ಅಚ್ಚೊಂದೇ. ಅದನ್ನು ಯಾರೂ ಹೇಳಲಿಲ್ಲ, ತಾಯಿಗೂ ತಿಳಿಯಲಿಲ್ಲ. ಯಂತ್ರ ಹಂಚಿದ ದಿನ ಛಾಯಾಚಿತ್ರ ತೆಗೆಸಿಕೊಂಡವರ ಪಟ್ಟಿಯಲ್ಲಿ ಈ ವಿಷಯ ಬರುವುದಿಲ್ಲ. ನಮ್ಮ ಶಿಬಿರಗಳ ದೊಡ್ಡ ದೋಷ ಇದೇ: ಕೊಡುವ ದಿನವೊಂದಿದೆ, ಕೊಟ್ಟದ್ದು ನಡೆಯುತ್ತಿದೆಯೇ ಎಂದು ನೋಡುವ ದಿನವಿಲ್ಲ. ಗಾಲಿಕುರ್ಚಿಯ ಗಾಲಿಗೂ ಇದೇ ಕಥೆ, ಕಾಲಿಗೆ ಆಧಾರವಾಗಿ ಕಟ್ಟುವ ಕ್ಯಾಲಿಪರಿನ ಪಟ್ಟಿಗೂ ಇದೇ ಕಥೆ.

ಹಿರಿಯರು: ಹಾಗಾದರೆ ಉಪಾಧ್ಯಾಯ ಯಂತ್ರದ ರಿಪೇರಿಯನ್ನೂ ಕಲಿಯಬೇಕೆ?

ಶಿಕ್ಷಕಿ: ರಿಪೇರಿ ಬೇಡ, ಬೆಳಿಗ್ಗೆ ಪ್ರಾರ್ಥನೆಯಾದ ಮೇಲೆ ಬ್ಯಾಟರಿ ಇದೆಯೇ ಎಂದು ನೋಡುವುದು ಒಂದು ನಿಮಿಷದ ಕೆಲಸ. ಅದಕ್ಕಿಂತ ಮುಖ್ಯವಾದದ್ದು ಅವನು ನಿಲ್ಲುವ ಜಾಗ. ಕಪ್ಪುಹಲಗೆಯ ಕಡೆ ಮುಖ ಮಾಡಿಕೊಂಡು ಬರೆಯುತ್ತ ಬರೆಯುತ್ತಲೇ ಪಾಠ ಹೇಳುವ ಅಭ್ಯಾಸ ನಮ್ಮಲ್ಲಿ ಯಾರಿಗಿಲ್ಲ? ತುಟಿಯನ್ನು ನೋಡಿ ಅರ್ಧ ಮಾತನ್ನು ಊಹಿಸಿಕೊಳ್ಳುವ ಮಗುವಿಗೆ ಅಷ್ಟು ಹೊತ್ತು ಪಾಠ ನಿಂತುಹೋಗಿರುತ್ತದೆ. ಕಿಟಕಿಗೆ ಬೆನ್ನು ಮಾಡಿ ನಿಂತರೆ ಬೆಳಕೆಲ್ಲ ಹಿಂದಿನಿಂದ ಬಂದು ಉಪಾಧ್ಯಾಯನ ಮುಖ ಕಪ್ಪಾಗಿ ಕಾಣುತ್ತದೆ. ಆಗಲೂ ತುಟಿ ಕಾಣದು. ತಗಡಿನ ಮಾಡಿನ ಕೋಣೆಯಲ್ಲಿ ಆಷಾಢದ ಮಳೆ ಬಿದ್ದಾಗ ಯಂತ್ರ ಮಳೆಯ ಸದ್ದನ್ನೂ ಮಾತಿನಷ್ಟೇ ದೊಡ್ಡದು ಮಾಡಿ ಕೊಡುತ್ತದೆ. ಆ ಹೊತ್ತಿನಲ್ಲಿ ಬಾಯಿಪಾಠವನ್ನು ಬಿಟ್ಟು ಚಿತ್ರವನ್ನೋ ಬರವಣಿಗೆಯನ್ನೋ ಕೊಡುವುದು ವಿವೇಕ. ಕಡಮೆ ದೃಷ್ಟಿಯ ಮಗುವಿಗೂ ಹೀಗೆಯೇ: ಹಲಗೆಯ ಮೇಲೆ ಬರೆಯುವುದನ್ನು ಬಾಯಿಬಿಟ್ಟು ಓದುತ್ತ ಬರೆದರೆ, ಕಿಟಕಿಯ ಬೆಳಕು ಹಲಗೆಯ ಮೇಲೆ ಹೊಳೆಯದಂತೆ ನೋಡಿಕೊಂಡರೆ, ಪುಸ್ತಕದಲ್ಲಿ ದಪ್ಪ ಗೆರೆ ಎಳೆದುಕೊಟ್ಟರೆ ಅರ್ಧ ಕಷ್ಟ ಹೋಗುತ್ತದೆ. ಪೂರ್ಣ ಅಂಧರಾದ ಮಕ್ಕಳ ಮಾತು ಬೇರೆ. ಅವರಿಗೆ ಬ್ರೈಲ್ ಬೇಕೇ ಬೇಕು, ಅದನ್ನು ಬೆರಳಿಗೆ ಹತ್ತಿಸಲು ದಿನದಿನವೂ ಜೊತೆಗೆ ಕೂರುವವರು ಬೇಕು. ವಾರಕ್ಕೊಮ್ಮೆ ಬಂದು ಹೋಗುವ ನನ್ನಂಥವಳಿಂದ ಅದು ಆಗುವುದಿಲ್ಲ.

ಹಿರಿಯರು: ಅಲ್ಲಿಗೆ ನನ್ನ ಮಾತಿಗೇ ಬಂದಿರಿ. ಪುಣ್ಯಾಶ್ರಮ ಬೇಕಾಯಿತು.

ಶಿಕ್ಷಕಿ: ಕೆಲವರಿಗೆ ಬೇಕು, ಇದನ್ನು ನಾನು ಎಂದೂ ಬಚ್ಚಿಟ್ಟಿಲ್ಲ. ವಿಶೇಷವಾಗಿ ಸಂಜ್ಞಾಭಾಷೆಯೇ ತಾಯಿನುಡಿಯಾಗಬೇಕಾದ ಕಿವುಡ ಮಗುವಿನ ವಿಷಯದಲ್ಲಿ ನನಗೆ ನಿಜವಾದ ಅಳುಕಿದೆ. ಅಂತಹ ಮಗುವನ್ನು ಆ ಭಾಷೆಯ ಒಂದು ಸನ್ನೆಯನ್ನೂ ಅರಿಯದ ನೂರು ಮಕ್ಕಳ ನಡುವೆ ಕೂರಿಸಿ ‘ಸಮನ್ವಯ’ವೆಂದು ಕರೆದರೆ ಅದು ನೂರು ಜನರ ನಡುವಿನ ಏಕಾಂತವಾಸ. ಪಠ್ಯಪುಸ್ತಕಗಳನ್ನು ಭಾರತೀಯ ಸಂಜ್ಞಾಭಾಷೆಗೆ ತರುವ ಸಲುವಾಗಿ 2020ರ ಅಕ್ಟೋಬರಿನಲ್ಲಿ ಎನ್‌ಸಿಇಆರ್‌ಟಿಯೂ ಸಂಜ್ಞಾಭಾಷಾ ಸಂಶೋಧನ ಕೇಂದ್ರವೂ ಒಡಂಬಡಿಕೆ ಮಾಡಿಕೊಂಡದ್ದುಂಟು, ಒಳ್ಳೆಯದು. ಆದರೆ ಆಟದ ಬಯಲಿನಲ್ಲಿ ಜಗಳವಾಡಲು, ಗುಟ್ಟು ಹೇಳಲು, ಹಾಸ್ಯ ಮಾಡಲು ಆ ಮಗುವಿಗೆ ಜೊತೆಗಾರರು ಬೇಕಲ್ಲ? ಅಂತಹವರು ಇರುವ ಶಾಲೆ ದೂರದ್ದಾದರೂ ಅದೇ ಮೇಲೆಂದು ತಂದೆತಾಯಿ ನಿಶ್ಚಯಿಸಿದರೆ ನಾನು ತಡೆಯುವುದಿಲ್ಲ. ಎಲ್ಲ ಮಕ್ಕಳಿಗೂ ಒಂದೇ ಸೂತ್ರವೆಂಬುದನ್ನು ನಾನು ನಂಬುವುದಿಲ್ಲ. ನಮ್ಮ ಸುತ್ತೋಲೆಗಳು ಮಾತ್ರ ನಂಬುತ್ತವೆ.

ಹಿರಿಯರು: ಇಷ್ಟು ಹೇಳಿದಿರಲ್ಲ, ನನಗೆ ಸಮಾಧಾನವಾಯಿತು. ಇನ್ನು ಕೈಕಾಲು ಸ್ವಾಧೀನವಿಲ್ಲದ ಮಕ್ಕಳ ವಿಷಯ. ಈಗ ಎಲ್ಲ ಶಾಲೆಗಳಿಗೂ ಇಳಿಜಾರು ಕಟ್ಟಿಸಿದ್ದಾರೆ.

ಶಿಕ್ಷಕಿ: ಕಟ್ಟಿಸಿದ್ದಾರೆ, ಹಲವು ಕಡೆ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಇರಬೇಕೆಂಬುದು ನಿಯಮ. ಜಾಗವಿಲ್ಲವೆಂದೋ ಸಿಮೆಂಟು ಉಳಿಯಲೆಂದೋ ನಾಲ್ಕೇ ಅಡಿಯಲ್ಲಿ ಮುಗಿಸಿದ ಇಳಿಜಾರುಗಳನ್ನು ನೋಡಿದ್ದೇನೆ. ಅದನ್ನು ಗಾಲಿಕುರ್ಚಿಯಲ್ಲಿ ಹತ್ತುವುದಿರಲಿ, ಮಳೆಗಾಲದಲ್ಲಿ ನಡೆದು ಇಳಿಯುವುದೂ ಅಪಾಯ. ಅದೂ ಹೋಗಲಿ. ಒಂದು ಶಾಲೆಯಲ್ಲಿ ಇಳಿಜಾರು ನಿಯಮದಂತೆಯೇ ಇತ್ತು, ಕಂಬಿಯೂ ಇತ್ತು. ಸೆರೆಬ್ರಲ್ ಪಾಲ್ಸಿ ಇದ್ದ ಎರಡನೆಯ ತರಗತಿಯ ಹುಡುಗಿ ಬೆಳಿಗ್ಗೆ ನೀರು ಕುಡಿಯುವುದೇ ಇಲ್ಲವೆಂದು ಅವಳ ತಾಯಿ ಹೇಳಿದಾಗ ನಾನು ಶೌಚಾಲಯದ ಕಡೆ ಹೋಗಿ ನೋಡಿದೆ. ಅದು ಹಿಂದಿನ ಬಯಲಿನಾಚೆ. ಎರಡು ಮೆಟ್ಟಿಲು. ಬಾಗಿಲು ಒಳಕ್ಕೆ ತೆರೆಯುತ್ತದೆ. ಕುರ್ಚಿಯನ್ನು ಒಳಗೆ ತಂದರೆ ಬಾಗಿಲು ಮುಚ್ಚದು. ಹುಡುಗಿ ಬಾಯಾರಿಕೆಯನ್ನು ತಡೆದುಕೊಂಡು ನಾಲ್ಕು ಗಂಟೆಯವರೆಗೆ ಕೂರುತ್ತಿದ್ದಳು. ಅವಳ ಬುದ್ಧಿಗೆ ಯಾವ ಕೊರತೆಯೂ ಇರಲಿಲ್ಲ; ಮಾತು ತೊದಲುತ್ತಿದ್ದುದರಿಂದ ಕೊರತೆಯಿದೆಯೆಂದು ಎಲ್ಲರೂ ತಿಳಿದಿದ್ದರು. ಬಾಗಿಲನ್ನು ಹೊರಕ್ಕೆ ತೆರೆಯುವಂತೆ ತಿರುಗಿಸಿ, ಮೆಟ್ಟಿಲ ಮೇಲೆ ಇಳಿಜಾರು ಹಾಕಿ, ಗೋಡೆಗೆ ಒಂದು ಹಿಡಿಕೆ ಕೂರಿಸುವುದಕ್ಕೆ ಗ್ರಾಮ ಪಂಚಾಯಿತಿಯ ಅಧ್ಯಕ್ಷರ ಮನೆಗೆ ನಾನು ತಿರುಗಿದ ತಿರುಗಾಟವನ್ನು ಇಲ್ಲಿ ಹೇಳುವುದಿಲ್ಲ.

ಹಿರಿಯರು: ಬಹಳ ಅಶಕ್ತರಾದ ಮಕ್ಕಳಿಗೆ ಮನೆಯಲ್ಲಿಯೇ ಪಾಠವೆಂದು ಮಾಡಿದ್ದಾರಲ್ಲ?

ಶಿಕ್ಷಕಿ: ಗೃಹಾಧಾರಿತ ಶಿಕ್ಷಣ. ಶಿಕ್ಷಣ ಹಕ್ಕು ಕಾಯಿದೆಗೆ 2012ರಲ್ಲಿ ಮಾಡಿದ ತಿದ್ದುಪಡಿಯಿಂದ ಬಂದದ್ದು; ತೀವ್ರ ವೈಕಲ್ಯ ಅಥವಾ ಬಹುವಿಧ ವೈಕಲ್ಯವಿರುವ ಮಗು ಬಯಸಿದರೆ ಮನೆಯಲ್ಲಿ ಕಲಿಯಬಹುದು. ಉದ್ದೇಶ ಒಳ್ಳೆಯದೇ. ಆದರೆ ‘ಬಯಸಿದರೆ’ ಎಂಬುದು ಆಚರಣೆಯಲ್ಲಿ ಬಹುಬೇಗ ಮರೆತುಹೋಗುತ್ತದೆ. ಮಗುವಿನ ಹೆಸರು ಶಾಲೆಯಲ್ಲಿರುತ್ತದೆ, ಮಗು ಮನೆಯಲ್ಲಿರುತ್ತದೆ, ಸಂಪನ್ಮೂಲ ಶಿಕ್ಷಕರು ಆಗೊಮ್ಮೆ ಈಗೊಮ್ಮೆ ಹೋಗಿ ಬರುತ್ತಾರೆ. ವರ್ಷಗಳು ಹೀಗೆಯೇ ಉರುಳುತ್ತವೆ. ಮನೆಯ ಪಾಠ ಶಾಲೆಗೆ ಬರುವ ಸಿದ್ಧತೆಯಾಗಬೇಕೇ ಹೊರತು ಶಾಲೆಗೆ ಬಾರದಿರುವುದಕ್ಕೆ ರಸೀದಿಯಾಗಕೂಡದು. ವಾರದಲ್ಲಿ ಒಂದು ದಿನ, ಒಂದು ಗಂಟೆ, ಬಿಸಿಯೂಟದ ಹೊತ್ತಿಗಾದರೂ ಆ ಮಗುವನ್ನು ಕರೆತನ್ನಿ ಎಂದು ನಾನು ತಾಯಂದಿರಲ್ಲಿ ಕೇಳಿಕೊಳ್ಳುತ್ತೇನೆ. ಬಂದ ಮಕ್ಕಳಲ್ಲಿ ಕೆಲವರು ಎರಡು ದಿನ ಬರುವಂತಾದರು.

ಹಿರಿಯರು: ಬೌದ್ಧಿಕ ಬೆಳವಣಿಗೆ ಕಡಮೆಯಿರುವ ಮಗುವಿಗೆ ಏನನ್ನು ಕಲಿಸುತ್ತೀರಿ? ಐದನೆಯ ತರಗತಿಯಲ್ಲಿ ಕುಳಿತಿದ್ದರೂ ಅದು ಹತ್ತರವರೆಗೆ ಎಣಿಸಲಾರದು.

ಶಿಕ್ಷಕಿ: ಎಣಿಸುವುದನ್ನು ಕಲಿಸುತ್ತೇನೆ, ಐದನೆಯ ತರಗತಿಯ ಭಿನ್ನರಾಶಿಯನ್ನಲ್ಲ. ಈ ವಿಷಯದಲ್ಲಿ ನಮ್ಮ ರಾಜ್ಯಕ್ಕೆ ಒಂದು ಅನುಕೂಲವಿದೆ. ಹೊರಗಿನವರಿಗಿಂತ ನಾವೇ ಅದನ್ನು ಮರೆತಿದ್ದೇವೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಪ್ರತಿಯೊಂದು ಮಗುವೂ ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲಿನಲ್ಲಿಯೇ ಇದ್ದು, ಅದು ಮುಗಿದ ಮೇಲೆ ಮುಂದಿನದಕ್ಕೆ ಹೋಗುತ್ತದೆ. ಒಂದೇ ಕೋಣೆಯಲ್ಲಿ ಒಬ್ಬೊಬ್ಬರು ಒಂದೊಂದು ಮೆಟ್ಟಿಲಿನಲ್ಲಿದ್ದರೆ ಅಲ್ಲಿ ಅದು ಅಕ್ರಮವಲ್ಲ, ಅದೇ ಕ್ರಮ. ಇಂತಹ ಮಗುವಿಗೆ ಇದಕ್ಕಿಂತ ಒಳ್ಳೆಯ ಕೋಣೆ ಬೇರೆ ಯಾವುದು? ನಾಲ್ಕನೆಯ ತರಗತಿಗೆ ಬಂದ ಕೂಡಲೇ ಏಣಿ ಹೋಗಿ ಎಲ್ಲರೂ ಒಂದೇ ಪುಟದಲ್ಲಿರಬೇಕೆಂಬ ನಿಯಮ ಬರುತ್ತದೆ. ಮಗು ಬೀಳುವುದು ಅಲ್ಲಿ. ಅದಕ್ಕೆ ಮದ್ದು ಒಂದು ಪುಟದ ವೈಯಕ್ತಿಕ ಯೋಜನೆ. ನಾನು ಬರೆಯುವಾಗ ತಾಯಿಯನ್ನು ಕೂರಿಸಿಕೊಳ್ಳುತ್ತೇನೆ. ಮೂರು ತಿಂಗಳಲ್ಲಿ ಹುಣಸೆಬೀಜಗಳನ್ನು ಹತ್ತರವರೆಗೆ ಎಣಿಸುವುದು, ಒಂದು, ಎರಡು, ಐದರ ನಾಣ್ಯಗಳನ್ನು ಗುರುತಿಸುವುದು, ತನ್ನ ಹೆಸರನ್ನೂ ಊರಿನ ಹೆಸರನ್ನೂ ಹೇಳುವುದು: ಇಷ್ಟೇ. ‘ಮಗುವಿನ ಸರ್ವಾಂಗೀಣ ವಿಕಾಸ’ ಎಂದು ಬರೆದ ಯೋಜನೆಗಳನ್ನು ನಾನು ಕಂಡಿದ್ದೇನೆ. ಅದು ನೆರವೇರಿತೋ ಇಲ್ಲವೋ ಎಂದು ಬ್ರಹ್ಮನೂ ಹೇಳಲಾರ.

ಹಿರಿಯರು: (ನಕ್ಕು) ಅಂತಹ ಯೋಜನೆಗಳಿಗೆ ನಾನೂ ರುಜು ಹಾಕಿದ್ದೇನೆ. ಹೋಗಲಿ; ಕಡೆಯದಾಗಿ ಉಪಾಧ್ಯಾಯನ ಕಡೆಯಿಂದ ಒಂದು ಮಾತು. ಬೆಳಿಗ್ಗೆ ಹಾಲು ಕಾಯಿಸುವುದರಿಂದ ಹಿಡಿದು ಮೊಟ್ಟೆಯ ಲೆಕ್ಕ ಬರೆಯುವವರೆಗೆ, ಮಕ್ಕಳ ವಿವರ ದಾಖಲಿಸುವ ಗಣಕ ವ್ಯವಸ್ಥೆಯಾದ ಸ್ಯಾಟ್ಸ್‌ನಲ್ಲಿ ಅಂಕಿಅಂಶ ತುಂಬುವವರೆಗೆ ಅವನ ಕೈಯಲ್ಲಿರುವ ಕೆಲಸವನ್ನು ನೋಡಿದರೆ, ಅವನ ಮೇಲೆ ಇದನ್ನೂ ಹೊರಿಸಲು ನನ್ನ ಮನಸ್ಸೊಪ್ಪದು. ನೀವು ವಾರಕ್ಕೊಮ್ಮೆ ಬಂದು ಹೇಳಿ ಹೋಗುತ್ತೀರಿ; ಉಳಿದ ದಿನ ಅವನೊಬ್ಬನೇ.

ಶಿಕ್ಷಕಿ: ಅದಕ್ಕೆ ನನ್ನಲ್ಲಿ ಉತ್ತರವಿಲ್ಲ, ಉತ್ತರ ಕೊಡಬೇಕಾದವರು ಬೇರೆ. 2021ರ ಅಕ್ಟೋಬರಿನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಾಥಮಿಕ ಹಂತದಲ್ಲಿ ಇಂತಹ ಹತ್ತು ಮಕ್ಕಳಿಗೆ ಒಬ್ಬರಂತೆ, ಮೇಲಿನ ಹಂತದಲ್ಲಿ ಹದಿನೈದು ಮಕ್ಕಳಿಗೆ ಒಬ್ಬರಂತೆ ವಿಶೇಷ ಶಿಕ್ಷಕರಿರಬೇಕೆಂದಿತು. 2022ರಲ್ಲಿ ಅದೇ ಪ್ರಮಾಣ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿಯೂ ಸೇರಿತು. 2025ರ ಮಾರ್ಚಿನಲ್ಲಿ ನ್ಯಾಯಾಲಯವು ಮತ್ತೊಮ್ಮೆ ರಾಜ್ಯಗಳನ್ನು ಉದ್ದೇಶಿಸಿ ಹುದ್ದೆಗಳನ್ನು ಮಂಜೂರು ಮಾಡಿ ಪ್ರಕಟಿಸಿರೆಂದು ಆಜ್ಞಾಪಿಸಬೇಕಾಯಿತು. ಹತ್ತಕ್ಕೆ ಒಬ್ಬರೆಂದರೆ ತಾಲ್ಲೂಕಿಗೆ ಇಬ್ಬರು ಮೂವರಲ್ಲ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಒಂದು ಮಗುವಿಗೆ ವರ್ಷಕ್ಕೆ 3,500 ರೂಪಾಯಿಯೂ, ಹೆಣ್ಣುಮಗುವಿಗೆ ತಿಂಗಳಿಗೆ 200 ರೂಪಾಯಿಯ ಶಿಷ್ಯವೇತನವೂ ಗೊತ್ತಾಗಿವೆ. ಆ ಹಣದಿಂದ ಯಂತ್ರ ಬರುತ್ತದೆ, ಜೊತೆಗೆ ಕೂರುವ ಮನುಷ್ಯ ಬರುವುದಿಲ್ಲ. ಇಷ್ಟು ವರ್ಷ ಈ ಕೆಲಸ ಮಾಡಿದವಳಾಗಿ ನನ್ನ ಅಭಿಪ್ರಾಯ ಇದು: ಉಪಾಧ್ಯಾಯರಿಗೆ ಮನಸ್ಸಿಲ್ಲವೆಂಬುದು ಬಹುಮಟ್ಟಿಗೆ ಸುಳ್ಳು, ಪಕ್ಕದಲ್ಲಿ ನಿಂತು ತೋರಿಸುವವರಿಲ್ಲವೆಂಬುದು ಪೂರ್ತಿ ನಿಜ.

ಹಿರಿಯರು: ಹುದ್ದೆ ಬರುವವರೆಗೆ?

ಶಿಕ್ಷಕಿ: ಬರುವವರೆಗೆ ತಮ್ಮಂಥವರಿಂದ ಒಂದು ಉಪಕಾರವಾಗಬೇಕು. ನಿಮ್ಮೂರಿನ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಗೆ ತಮ್ಮನ್ನು ಈಗಲೂ ಕರೆಯುತ್ತಾರೆಂದು ಕೇಳಿದ್ದೇನೆ.

ಹಿರಿಯರು: ಕರೆಯುತ್ತಾರೆ. ಚಹಾ ಕುಡಿದು ಬರುತ್ತೇನೆ.

ಶಿಕ್ಷಕಿ: ಶಾಲೆಯ ಸಮಿತಿಯಲ್ಲಿ ಅವಕಾಶವಂಚಿತ ಗುಂಪಿನ ಮಕ್ಕಳ ಪೋಷಕರಿಗೆ ತಕ್ಕ ಪ್ರಮಾಣದಲ್ಲಿ ಸ್ಥಾನವಿರಬೇಕೆಂದು ಶಿಕ್ಷಣ ಹಕ್ಕು ಕಾಯಿದೆಯ ಇಪ್ಪತ್ತೊಂದನೆಯ ಪ್ರಕರಣ ಹೇಳುತ್ತದೆ, 2012ರ ಅದೇ ತಿದ್ದುಪಡಿಯಿಂದ ವೈಕಲ್ಯವಿರುವ ಮಗುವೂ ಆ ಗುಂಪಿಗೆ ಸೇರಿತು. ಅಂದರೆ ಅಂತಹ ಮಗುವಿನ ತಾಯಿಗೆ ಆ ಸಭೆಯಲ್ಲಿ ಸ್ಥಾನವಿದೆ. ಯಾರ ದಯೆಯಿಂದಲೂ ಅಲ್ಲ, ಕಾಯಿದೆಯ ಬಲದಿಂದ. ನಾನು ನೋಡಿದ ಸಮಿತಿಗಳಲ್ಲಿ ಅಂತಹ ತಾಯಂದಿರು ಅಪರೂಪ. ನಿಮ್ಮೂರಿನಲ್ಲಿ ಯಾರಾದರೂ ಇದ್ದಾರೆಯೆ?

ಹಿರಿಯರು: ಕೆರೆಕೋಡಿಯ ಬೀದಿಯಲ್ಲಿ ಒಬ್ಬಾಕೆ ಇದ್ದಾಳೆ, ಕೂಲಿ ಮಾಡುತ್ತಾಳೆ. ಅವಳ ಮಗನಿಗೆ ನಡೆಯಲು ಬಾರದು. ಸಭೆ ನಡೆಯುವುದು ಹಗಲು ಹನ್ನೊಂದು ಗಂಟೆಗೆ, ಅವಳು ಬರಲಾರಳು.

ಶಿಕ್ಷಕಿ: ಹಾಗಾದರೆ ಸಭೆಯನ್ನು ಸಂಜೆ ಐದಕ್ಕೆ ಇಡಿಸಿ. ಅವಳನ್ನು ಸದಸ್ಯೆಯನ್ನಾಗಿ ಮಾಡಿಸಿ, ಮೊದಲನೆಯ ಮಾತನ್ನು ಅವಳಿಂದ ಆಡಿಸಿ. ಶೌಚಾಲಯದ ಬಾಗಿಲು ಯಾವ ಕಡೆಗೆ ತೆರೆಯುತ್ತದೆಂಬುದನ್ನು ನಡಾವಳಿ ಪುಸ್ತಕದಲ್ಲಿ ಬರೆಯಿಸಿ, ಮುಖ್ಯೋಪಾಧ್ಯಾಯರ ರುಜು ಹಾಕಿಸಿ. ಆ ನಡಾವಳಿಯ ಒಂದು ಪ್ರತಿ ನನಗೆ ಬೇಕು. ಪಂಚಾಯಿತಿಗೆ ಅದನ್ನು ಹಿಡಿದುಕೊಂಡು ನಾನೇ ಹೋಗುತ್ತೇನೆ.